ಹವಾಲ್ದಾರ್ ಮಾವನ ಕಾಲೂ ತಿಮ್ಮಪ್ಪಣ್ಣನ ಕಿವಿಯೂ

ನನ್ನ ಸೋದರಮಾವನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಗಡಿಯಲ್ಲಿ ನೆಲಬಾಂಬು ಸಿಡಿದು ಹೋಯಿತು. ಹಾಗಂತ ಅವರನ್ನು ‘ಪಾಪ’ ಎನ್ನಲು ಹೋದೀರಿ, ಜೋಕೆ! ಎರಡು ಕಾಲಿರುವ ನಾವು ವರ್ಷಕ್ಕೊಮ್ಮೆ ಹತ್ತುವ ಸರ್ಕಾರಿ ಕಚೇರಿಯ ಮೆಟ್ಟಿಲನ್ನು ಈ ಮಹಾಶಯರು ವಾರಕ್ಕೊಮ್ಮೆ ಹತ್ತುತ್ತಾರೆ. ಪಾಪ ಎನ್ನಲೇಬೇಕಿದ್ದರೆ ಆ ಕಚೇರಿಯವರಿಗೆ ಅನ್ನಿ!

ಅಂಗ ಕಳೆದುಕೊಂಡ ಮಾಜಿ ಸೈನಿಕರಿಗೆ ಕೇಂದ್ರ ಏನು ಕೊಡುತ್ತದೆ, ರಾಜ್ಯ ಏನು ಕೊಡುತ್ತದೆ ಎಂಬುದು ಅವರಿಗೆ ಮಗ್ಗಿಯಂತೆ ಬಾಯಿಪಾಠ. ಪಿಂಚಣಿ, ಆಸ್ಪತ್ರೆಯ ಕಾರ್ಡು, ಕ್ಯಾಂಟೀನು, ಮಕ್ಕಳ ಓದಿಗೆ ನೆರವು, ನೌಕರಿಯಲ್ಲಿ ಮೀಸಲಾತಿ... ಕೇಳುವವರು ಬೇಕು, ಅಷ್ಟೇ. ಶೃಂಗೇರಿಯ ಒಂದು ಮದುವೆಯಲ್ಲಿ ನಾವೆಲ್ಲ ಹೋಳಿಗೆಗೆ ಕಾದು ಕೂತಿದ್ದೆವು. ಇವರು ಪಕ್ಕದ ಎಲೆಯ ಅಜ್ಜಿಯನ್ನು ಹಿಡಿದುಕೊಂಡರು.

"ನಿಮ್ಮ ಯಜಮಾನ್ರು ಮಿಲಿಟರೀಲಿ ಇದ್ರಂತಲ್ಲ? ಈಗ ನಿಮಗೆ ಕುಟುಂಬ ಪಿಂಚಣಿ ಬರ್ತದಾ?"

"ಅವ್ರು ಅಲ್ಲಿ ಪಾಯಸ ಬಡಿಸ್ತಿದ್ದಾರಲ್ಲ ಮಾರಾಯ್ರೇ!"

ಬೇರೆಯವರಾದರೆ ಎಲೆಯೊಳಗೇ ಅಡಗಿಕೊಳ್ಳುತ್ತಿದ್ದರು. ಮಾವ ಕಣ್ಣು ಮಿಟುಕಿಸದೆ, "ಹಾಗಾದ್ರೆ ಜೀವಂತ ಇದ್ದೀನಿ ಅಂತ ಈ ವರ್ಷ ಸರ್ಟಿಫಿಕೇಟ್ ಕೊಟ್ಟಿದ್ದಾರಾ ಕೇಳಿ" ಎಂದರು!

ಬಸ್ಸಿನಲ್ಲಿ ಇನ್ನೊಂದು ಅವತಾರ. ಅಂಗವಿಕಲರ ಸೀಟಿನಲ್ಲಿ ಗಟ್ಟಿಮುಟ್ಟಾದ ಯುವಕನೊಬ್ಬ ಕೂತು ಕಿಟಕಿಯಾಚೆ ನೋಡುತ್ತಿದ್ದರೆ ಮಾವ ಜಗಳವಾಡುವುದಿಲ್ಲ. ಕಂಬಕ್ಕೆ ಒರಗಿ, ಪಟ್ಟಿ ಬಿಚ್ಚಿ, ಬೂಟಿನ ಸಮೇತ ಕೃತಕ ಕಾಲನ್ನು ಅವನ ತೊಡೆಯ ಮೇಲಿಟ್ಟು, "ಸ್ವಲ್ಪ ಹಿಡ್ಕೊ ಮಾರಾಯ, ಭಾರ" ಎನ್ನುತ್ತಾರೆ. ಆಮೇಲೆ ಆ ಸೀಟು ಮಾತ್ರವಲ್ಲ, ಅಕ್ಕಪಕ್ಕದ ಸೀಟುಗಳೂ ಖಾಲಿ!

ಇಂಥ ಮಾವನ ಕಣ್ಣಿಗೆ ಬಿದ್ದವನು ತಿಮ್ಮಪ್ಪಣ್ಣ. ಶೆಟ್ಟಿಕೊಪ್ಪದಲ್ಲಿ ಅವರ ನೆರೆಮನೆಯವನು, ತೋಟದ ಕೆಲಸಕ್ಕೆ ಹೋಗುವವನು. ಸೈನ್ಯದಲ್ಲಿ ತೋಪು ಹಾರಿಸಿ ಹಾರಿಸಿ ಎರಡೂ ಕಿವಿ ಕೆಡಿಸಿಕೊಂಡು ಬಂದಿದ್ದ. ಅಂಗವೈಕಲ್ಯದ ಪಿಂಚಣಿ ಮಾತ್ರ ಸಿಕ್ಕಿರಲಿಲ್ಲ. ಯಾಕೆ? ತನಗೆ ಕೇಳುವುದಿಲ್ಲವೆಂದು ತೋರಿಸಿಕೊಳ್ಳಲು ಅವನಿಗೆ ನಾಚಿಕೆ. ಎದುರಿನವರ ತುಟಿ ನೋಡಿ ಅರ್ಧ ಊಹಿಸುವುದು, ಉಳಿದರ್ಧಕ್ಕೆ ‘ಹೌದು’ ಎಂದುಬಿಡುವುದು. ಸೈನ್ಯ ಬಿಡುವಾಗ ಡಾಕ್ಟರು, "ಕಿವಿ ಸರಿಯಾಗಿ ಕೇಳ್ತದಾ?" ಎಂದು ಕೇಳಿದ್ದರು. "ಹೌದು ಸಾರ್!" ಎಂದಿದ್ದ. ಅಲ್ಲಿಗೆ ಮುಗಿಯಿತು!

ಇದು ಗೊತ್ತಾದ ದಿನ ಮಾವ ಬಾಳಗಡಿಯ ನನ್ನ ಜೆರಾಕ್ಸ್ ಅಂಗಡಿಗೆ ನುಗ್ಗಿದರು. "ಏಳು ಮಾರಾಯ್ತಿ! ಯುದ್ಧ ಶುರು!" ನಾನು ಇಂಗ್ಲಿಷಿನಲ್ಲಿ ಮೇಲ್ಮನವಿ ಬರೆದೆ. ಚಿಕ್ಕಮಗಳೂರಿಗೆ ಓಡಾಡಿದೆವು. ತಿಂಗಳುಗಟ್ಟಲೆ ಕಾದ ಮೇಲೆ ಬೆಂಗಳೂರಿಗೆ ಹೊಸದಾಗಿ ವೈದ್ಯಕೀಯ ಪರೀಕ್ಷೆಗೆ ಬರಬೇಕೆಂದು ಕರೆ ಬಂತು.

ಈಗ ತಿಮ್ಮಪ್ಪಣ್ಣನಿಗೆ ‘ಹೌದು’ ಮರೆಸಬೇಕಲ್ಲ! ಮಾವ ಅಂಗಳದಲ್ಲಿ ಕವಾಯತು ಶುರುಮಾಡಿದರು. "ಕಿವಿ ಕೇಳ್ತದಾ?" "ಹೌದು." "ಅಯ್ಯೋ ನಿನ್ನ! ಇಲ್ಲ ಅನ್ನು!" "ಹೌದು." ನೋಡುತ್ತಿದ್ದ ಅತ್ತೆ, "ಅವನಿಗೆ ಪಿಂಚಣಿ ಸಿಗೋದ್ರೊಳಗೆ ನಿಮ್ಮ ಗಂಟಲಿಗೂ ಒಂದು ಪಿಂಚಣಿ ಬೇಕಾಗ್ತದೆ" ಎಂದರು.

ಕೊನೆಗೂ ಪರೀಕ್ಷೆಯ ದಿನ ಬಂತು. ಡಾಕ್ಟರು ತಲೆ ಎತ್ತಿ, "ಕಿವಿ ಕೇಳ್ತದಾ?" ಎಂದರು. ತಿಮ್ಮಪ್ಪಣ್ಣ ತುಟಿ ಓದಿ, ಎದೆಯುಬ್ಬಿಸಿ, "ಇಲ್ಲ ಸಾರ್!" ಎಂದ.

"ಹಾಗಾದ್ರೆ ನಾನು ಕೇಳಿದ್ದು ನಿಮಗೆ ಹೇಗೆ ಗೊತ್ತಾಯ್ತು?"

ಬಾಗಿಲಲ್ಲಿದ್ದ ನಾನು ಪಕ್ಕದಲ್ಲಿದ್ದ ಮಾವನ ಮುಖ ನೋಡಿದೆ. ಡಾಕ್ಟರು ಮುಖ ಗಂಟಿಕ್ಕಿಕೊಂಡು, "ಇವರಿಗೆ ಹೇಳಿಕೊಟ್ಟವರು ಯಾರು? ಒಳಗೆ ಬನ್ನಿ" ಎಂದರು. ಮಾವ ಹೋದರು. ಸೆಲ್ಯೂಟ್ ಹೊಡೆದರು. ತಿಮ್ಮಪ್ಪಣ್ಣನ ಬೆನ್ನ ಹಿಂದಿನ ಬೆಂಚಿನ ಮೇಲೆ ಕೂತು, ಒಂದು ಮಾತೂ ಆಡದೆ ಕಾಲು ಬಿಚ್ಚಿದರು. ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ, ಅದನ್ನು ಧಡಾರನೆ ನೆಲಕ್ಕೆ ಬಿಟ್ಟರು!

ನರ್ಸ್ ಕಿರುಚಿದಳು. ಡಾಕ್ಟರ ಪೆನ್ನು ಹಾರಿಹೋಯಿತು. ನಾನು ಗೋಡೆಗೆ ಅಂಟಿಕೊಂಡೆ. ತಿಮ್ಮಪ್ಪಣ್ಣ ಮಾತ್ರ ಡಾಕ್ಟರ ತುಟಿಯನ್ನೇ ನೋಡುತ್ತಾ, ಮುಂದಿನ ಪ್ರಶ್ನೆಗೆ ಕಾಯುತ್ತಾ, ನೆಟ್ಟಗೆ ಕೂತಿದ್ದ.

"ಇಷ್ಟೇ ಸಾರ್ ನಾನು ಹೇಳೋದಿದ್ದದ್ದು" ಎಂದರು ಮಾವ. ಡಾಕ್ಟರು ನಗು ತಡೆಯಲಾಗದೆ ಎದ್ದು ನಿಂತು, ಕಾಲನ್ನು ತಾವೇ ಎತ್ತಿಕೊಟ್ಟರು. ಆಮೇಲೆ ಯಂತ್ರದ ಪರೀಕ್ಷೆ. ಯಂತ್ರಕ್ಕೆ ‘ಹೌದು ಸಾರ್’ ಎಲ್ಲಿ ಅರ್ಥವಾಗಬೇಕು? ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಕೆಲವು ತಿಂಗಳಲ್ಲಿ ಪಿಂಚಣಿ ಮಂಜೂರಾಯಿತು! ಮಾವ ಕೊಪ್ಪದ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಜಿಲೇಬಿ ಹಂಚಿದರು, ಕಚೇರಿಗಳ ಗುಮಾಸ್ತರನ್ನೂ ಬಿಡಲಿಲ್ಲ. ಒಬ್ಬ ಗುಮಾಸ್ತರು, "ಇನ್ನು ಬರೋದಿಲ್ವಲ್ಲ?" ಎಂದು ಆಸೆಯಿಂದ ಕೇಳಿದರಂತೆ.

ಮಾಜಿ ಸೈನಿಕರ ಆಸ್ಪತ್ರೆ ಯೋಜನೆಯಲ್ಲಿ ಕಿವಿಯ ಮೆಷಿನ್ನೂ ಸಿಕ್ಕಿತು. ಅದನ್ನು ಹಾಕಿಸಿಕೊಂಡು ಶಿವಮೊಗ್ಗದಿಂದ ಮೂವರೂ ಬಂದು ಶೆಟ್ಟಿಕೊಪ್ಪದಲ್ಲಿ ಬಸ್ಸಿಳಿದೆವು. ದಾರಿಯುದ್ದಕ್ಕೂ ತಿಮ್ಮಪ್ಪಣ್ಣ ಬಸ್ಸಿನ ಹಾರನ್ನಿಗೂ ನಗುತ್ತಿದ್ದ. ಮಾವ ಮಾತ್ರ ಇಳಿದವರು ಅಲ್ಲೇ ಕಲ್ಲಿನ ಮೇಲೆ ಕೂತು ಕೃತಕ ಕಾಲು ಬಿಚ್ಚಿದರು. ಇಷ್ಟು ದಿನದ ಓಡಾಟಕ್ಕೆ ಅವರ ಮೊಂಡುಗಾಲಿನ ತುದಿ ಬೊಬ್ಬೆಯೆದ್ದು ಬಾತುಕೊಂಡಿತ್ತು. ಅವರು ಯಾರಿಗೂ ಹೇಳಿರಲಿಲ್ಲ.

ತಿಮ್ಮಪ್ಪಣ್ಣ ನೋಡಿದ. ಅವರ ಮುಂದೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತ. "ಹತ್ತಿ ಹವಾಲ್ದಾರ್ರೇ."

"ನಾನೇನು ಅಕ್ಕಿಮೂಟೆಯಾ?"

"ಅಕ್ಕಿಮೂಟೆ ಇಷ್ಟು ಮಾತಾಡೋದಿಲ್ಲ. ಹತ್ತಿ."

ಮಾವ ಹತ್ತಿದರು. ನಾನು ಅವರು ಬಿಚ್ಚಿಟ್ಟ ಕಾಲನ್ನು ಹಿಡಿದುಕೊಂಡು ಹಿಂದೆ ಹೊರಟೆ. ಮನೆಯ ದಾರಿಯ ದಿಬ್ಬವನ್ನು ಅರ್ಧ ಹತ್ತಿದಾಗ ತಿಮ್ಮಪ್ಪಣ್ಣ ತಟ್ಟನೆ ನಿಂತ.

"ಹವಾಲ್ದಾರ್ರೇ, ಅಳ್ತಿದ್ದೀರಾ?"

ಅವರ ಹಿಂದೆಯೇ ಇದ್ದ ನನಗೆ ಏನೂ ಕೇಳಿಸಿರಲಿಲ್ಲ.

"ಇಲ್ಲ ಮಾರಾಯ" ಎಂದರು ಮಾವ. ಆಮೇಲೆ ಮೆಲ್ಲಗೆ, "ಅವತ್ತು ಬಾಂಬು ಸಿಡಿದಾಗಲೂ ಒಬ್ಬ ನನ್ನನ್ನು ಹಿಂಗೇ ಹೊತ್ಕೊಂಡು ಓಡಿದ್ದ. ಯಾರು ಅಂತ ಇವತ್ತಿಗೂ ಗೊತ್ತಾಗಲಿಲ್ಲ" ಎಂದರು.

ತಿಮ್ಮಪ್ಪಣ್ಣ ಮಾವನನ್ನು ಬೆನ್ನ ಮೇಲೆ ಇನ್ನಷ್ಟು ಮೇಲಕ್ಕೆ ಸರಿಪಡಿಸಿಕೊಂಡು, ನಿಧಾನವಾಗಿ ದಿಬ್ಬ ಹತ್ತತೊಡಗಿದ.