ವೆಸ್ಟ್‌ಮಂಟಿನ ಸ್ಟಾರ್ ಆಟಗಾರ

ಅಶ್ವಥ್ ಹೇಳಿದ ಸುಳ್ಳು ಬಹಳ ಸಣ್ಣದು. ಅಮೆರಿಕದ ವೆಸ್ಟ್‌ಮಂಟಿನ ಭಾನುವಾರದ ಬೇಸ್‌ಬಾಲ್ ತಂಡ ಆ ವರ್ಷ ಸೀಸನ್ನಿನ ಮೊದಲ ಪಂದ್ಯಗಳನ್ನೆಲ್ಲ ಗೆದ್ದಿತ್ತು. ಚೆಂಡನ್ನು ಮೈದಾನದಾಚೆ ಅಟ್ಟುವ ಟೋನಿ, ಕಣ್ಣಿಗೇ ಕಾಣದ ಹಾಗೆ ಎಸೆಯುವ ಮಾರ್ಕ್, ಊರಿನ ವಾರಪತ್ರಿಕೆಯ ತುಂಬ ಈ ಇಬ್ಬರದೇ ಸುದ್ದಿ.

“ನೀವೂ ಅದೇ ಟೀಮಲ್ಲಿದೀರಲ್ವಾ?” ಎಂದು ಪಕ್ಕದ ಮನೆಯ ಫಜಲುಲ್ಲಾ ಕೇಳಿದರು.

“ಹ್ಞೂಂ ಸಾರ್. ನಾವು ಮೂರು ಜನಾನೇ ಟೀಮ್ನ ಎತ್ತಿ ನಿಲ್ಸಿರೋದು,” ಎಂದುಬಿಟ್ಟ ಅಶ್ವಥ್.

ಅವನು ತಂಡದಲ್ಲಿದ್ದದ್ದೇನೋ ನಿಜ. ಆದರೆ ಬೆಂಚಿನ ಮೇಲೆ. ಅಲ್ಲಿಂದ ಇನ್ನೂ ಒಮ್ಮೆಯೂ ಎದ್ದಿರಲಿಲ್ಲ.

ಫಜಲುಲ್ಲಾ ಚಿತ್ರದುರ್ಗದವರು, ಕಾರ್ಪೆಟ್ ಅಂಗಡಿ ಇಟ್ಟುಕೊಂಡವರು. ಅವರ ಕಿವಿಗೆ ಬಿದ್ದ ಮಾತು ಆಟೋಗೆ ಕಟ್ಟಿದ ಮೈಕಿಗೆ ಬಿದ್ದ ಹಾಗೆ. ಭಾನುವಾರ ಅಶ್ವಥ್ ಮೈದಾನಕ್ಕೆ ಬಂದು ನೋಡಿದರೆ, ಸುತ್ತಲ ಊರುಗಳ ಕನ್ನಡದವರೆಲ್ಲ ವ್ಯಾನುಗಳಿಂದ ಇಳಿಯುತ್ತಿದ್ದಾರೆ! ಮಡಚುವ ಕುರ್ಚಿ, ತಂಡಕ್ಕೆಂದೇ ಅವನು ತಿಳಿದಿದ್ದ, ಹೆಂಡತಿ ಮಂಜರಿ ಮಾಡಿದ ದೊಡ್ಡ ಪಾತ್ರೆ ಪುಳಿಯೋಗರೆ, ಬಡಿಯುವುದಕ್ಕೆಂದೇ ಪದ್ಮ ಆಂಟಿ ತಂದ ಸ್ಟೀಲ್ ತಟ್ಟೆ ಮತ್ತು ಸೌಟು. ಮಂಜರಿ ಗಂಡನನ್ನು ಒಮ್ಮೆ ನೋಡಿ, ಥರ್ಮಾಸಿನ ಮುಚ್ಚಳ ತಿರುಗಿಸಿದಳು.

ಅಶ್ವಥ್ ಕೋಚ್ ಡೇವ್ ಹತ್ತಿರ ಓಡಿದ. ಒಂದೇ ಒಂದು ಅವಕಾಶ ಕೊಡಿ ಎಂದು ಗೋಗರೆದ. ಟೋನಿ ಇದ್ದಾನೆ, ಮಾರ್ಕ್ ಇದ್ದಾನೆ, ನೀನು ನೀರಿನ ಕ್ಯಾನು ನೋಡಿಕೋ ಸಾಕು ಎಂದ ಡೇವ್.

ಆಟ ಶುರುವಾಯಿತು. ಟೋನಿ ಹೊಡೆದರೂ ತಟ್ಟೆ ಬಡಿತ, ಮಾರ್ಕ್ ಎಸೆದರೂ ತಟ್ಟೆ ಬಡಿತ. ನಡುನಡುವೆ ಪದ್ಮ ಆಂಟಿಯ ಕೂಗು: “ಅಶ್ವಥ್, ನೀನ್ಯಾವಾಗಪ್ಪ ಇಳಿಯೋದು?”

“ನನ್ನ ಕೊನೇಗೆ ಅಂತ ಇಟ್ಕೊಂಡಿದಾರೆ ಆಂಟಿ,” ಎಂದ ಅಶ್ವಥ್ ಬೇಲಿಯ ಕಡೆಗೆ ತಿರುಗಿ.

“ತುರುಪಿನ ಎಲೆ ಕಣ್ರೀ!” ಎಂದು ಫಜಲುಲ್ಲಾ ಎಲ್ಲರಿಗೂ ಸಾರಿದರು.

ಕೊನೆಯ ಇನ್ನಿಂಗ್ಸಿಗೆ ಎರಡೂ ಕಡೆ ಸಮ ಸಮ. ರನ್ನಿಗಾಗಿ ಸುತ್ತಿ ಬರಬೇಕಾದ ಮೂರು ಬೇಸುಗಳಲ್ಲೂ ನಮ್ಮವರು ನಿಂತಿದ್ದಾರೆ, ಒಂದು ರನ್ ಬಂದರೆ ಗೆಲುವು. ಟೋನಿ ಎದ್ದ. ಮೈ ಬಿಸಿಯಾಗಲೆಂದು ಬ್ಯಾಟನ್ನು ಗಾಳಿಯಲ್ಲಿ ಜೋರಾಗಿ ಬೀಸಿದ. ಅಷ್ಟೇ, “ಅಮ್ಮಾ” ಎನ್ನುವ ಅರ್ಥದ ಇಂಗ್ಲಿಷ್ ಮಾತೊಂದನ್ನು ಆಡಿ ಸೊಂಟ ಹಿಡಿದುಕೊಂಡು ಕೂತುಬಿಟ್ಟ. ಡೇವ್ ಬೆಂಚಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದ. ಅಲ್ಲಿ ಉಳಿದಿದ್ದವನು ಅಶ್ವಥ್ ಒಬ್ಬನೇ. ಬಲಿಗೆ ಕುರಿ ಕೊಡುವವನಂತೆ ಡೇವ್ ಬ್ಯಾಟು ಕೊಟ್ಟ.

ಕನ್ನಡಿಗರು ಎದ್ದು ನಿಂತರು. ಅಶ್ವಥ್ ಕ್ರಿಕೆಟ್ಟಿನ ಅಭ್ಯಾಸದಲ್ಲಿ ಬ್ಯಾಟನ್ನು ನೆಲಕ್ಕೂರಿ ಬಾಗಿದ. ಅಂಪೈರ್ ಎತ್ತಿಸಿದ. ಮೊದಲ ಚೆಂಡು ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ. ಎರಡನೆಯದಕ್ಕೆ ಕಣ್ಣು ಮುಚ್ಚಿ ಬೀಸಿದ. ಚೆಂಡು ಬ್ಯಾಟಿನ ಅಂಚಿಗೆ ತಗುಲಿ ಹಿಂದಕ್ಕೆ ಹಾರಿತು; ಈ ಆಟದಲ್ಲಿ ಅದು ಲೆಕ್ಕಕ್ಕಿಲ್ಲ. “ಸಿಕ್ಸರ್!” ಎಂದು ಫಜಲುಲ್ಲಾ ಕುಣಿದರು. ಚೆಂಡು ಬೇಲಿ ದಾಟಿ ಹೋಗಿ ನೇರವಾಗಿ ಪುಳಿಯೋಗರೆ ಪಾತ್ರೆಗೆ ಬಿತ್ತು.

“ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಮಾಡಿದೀನಿ!” ಎಂದು ಸಿಡಿದೆದ್ದ ಮಂಜರಿ, ಪಾತ್ರೆಯಿಂದ ಚೆಂಡನ್ನು ಕಿತ್ತು ಇದ್ದ ಸಿಟ್ಟನ್ನೆಲ್ಲ ತೋಳಿಗೆ ತಂದು ಎಸೆದಳು. ಅದು ಬೇಲಿಯ ಮೇಲಿಂದ ಶಿಳ್ಳೆ ಹಾಕುತ್ತ ಬಂದು ಕ್ಯಾಚರನ ಗ್ಲೌಸಿಗೆ ‘ಧಪ್’ ಎಂದು ಬಡಿಯಿತು. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಗ್ಲೌಸಿಗೆ ಅಂಟಿದ್ದ ಕಡಲೇಬೀಜವನ್ನು ದಿಟ್ಟಿಸಿ ನೋಡಿದ.

ಎದುರಾಳಿ ಪಿಚರ್ ಇನ್ನೂ ಅವಳ ಕಡೆಗೇ ನೋಡುತ್ತ ಮುಂದಿನ ಚೆಂಡು ಎಸೆದ. ಗುರಿ ತಪ್ಪಿತು. ಚೆಂಡು ಅಶ್ವಥನ ಬೆನ್ನಿಗೆ ಬಡಿಯಿತು. ಚೆಂಡು ಮೈಗೆ ತಗುಲಿದರೆ ಮೊದಲ ಬೇಸ್ ಪುಕ್ಕಟೆ. ಮೂರೂ ಬೇಸು ತುಂಬಿದ್ದರಿಂದ ಎಲ್ಲರೂ ಒಂದೊಂದು ಬೇಸು ಮುಂದೆ ಸರಿದರು, ಮೂರನೆಯದರಲ್ಲಿದ್ದವನು ಹೋಮ್ ಬೇಸ್ ಮುಟ್ಟಿ ಆ ಒಂದು ರನ್ ತಂದ. ಗೆಲುವು! ತಟ್ಟೆ ಬಗ್ಗಿಹೋಗುವಷ್ಟು ಬಡಿತ. ಬೆನ್ನು ಉರಿಯುತ್ತಿದ್ದರೂ ಅಶ್ವಥ್ ಎರಡೂ ಕೈ ಮೇಲೆತ್ತಿದ. ಡೇವ್ ತೋಳು ಚಾಚಿಕೊಂಡು ಓಡಿ ಬಂದ. ಅಪ್ಪಿಕೊಳ್ಳಲು ಅಶ್ವಥನೂ ತೋಳು ಚಾಚಿದ. ಡೇವ್ ಅವನನ್ನು ದಾಟಿ, ಬೇಲಿ ಹಾರಿ, ಮಂಜರಿಯ ಮುಂದೆ ಹೋಗಿ ನಿಂತ. ಇಷ್ಟು ಚೆನ್ನಾಗಿ ಎಸೆಯುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ.

“ಚಳಿಗಾಲ ಪೂರ್ತಿ ಗರಾಜಲ್ಲಿ ಇವರ ಪ್ರಾಕ್ಟೀಸಿಗೆ ಬಾಲ್ ಎಸ್ದಿದೀನಲ್ಲ,” ಎಂದಳು ಮಂಜರಿ. “ಇವರು ಒಂದನ್ನೂ ಹೊಡೀಲಿಲ್ಲ. ನಂಗೆ ಅಭ್ಯಾಸ ಆಗೋಯ್ತು.”

ಫಜಲುಲ್ಲಾ ಅದನ್ನು ಇಂಗ್ಲಿಷಿಗೆ ತಿರುಗಿಸಿ, ತಮ್ಮದೂ ನಾಲ್ಕು ಮಾತು ಸೇರಿಸಿ ಹೇಳಿದರು. ಹೆಂಗಸರೂ ಆಡಬಹುದಾದ ಲೀಗು ಅದು. ಆದರೆ ತಂಡದಲ್ಲಿ ಜಾಗ ಖಾಲಿ ಇರಲಿಲ್ಲ, ಡೇವ್ ಹತ್ತಿರ ಬೇರೆ ಜರ್ಸಿಯೂ ಇರಲಿಲ್ಲ. ಅವನು ತಿರುಗಿ ಅಶ್ವಥನನ್ನು ನೋಡಿದ. ಉಳಿದವರೂ ನೋಡಿದರು.

ಮೇ ತಿಂಗಳಾದರೂ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟಿನ ಚಳಿ. ಬನಿಯನ್ನಿನಲ್ಲಿ ನಡುಗುತ್ತ ಅಶ್ವಥ್ ಪಾತ್ರೆ, ಕುರ್ಚಿಗಳನ್ನು ಕಾರಿಗೆ ಹೊತ್ತ. ಜರ್ಸಿಯ ತೋಳು ಮಡಚುತ್ತ ಮಂಜರಿ ಸಮಾಧಾನ ಮಾಡಿದಳು:

“ಬೇಜಾರು ಮಾಡ್ಕೋಬೇಡಿ. ಸಂಜೆ ನಂಗೆ ಪ್ರಾಕ್ಟೀಸ್ ಬೇಕು. ನೀವು ಬ್ಯಾಟ್ ಹಿಡ್ಕೊಂಡು ಸುಮ್ನೆ ನಿಂತ್ಕೊಳ್ಳಿ ಸಾಕು. ಹೊಡೀಬೇಕು ಅಂತೇನಿಲ್ಲ.”