ಒಟ್ಟಾರೆ ತಾಜಾ ಬಂಗಡೆ

೨೦೦೪ನೇ ಇಸವಿಯ ಅಕ್ಟೋಬರಿನಿಂದ ಬೈಂದೂರು ಆಸುಪಾಸಿನಲ್ಲಿ ಮೀನು ಕೊಳೆಯುವುದನ್ನು ಗಣಿತದ ಮೂಲಕ ನಿಲ್ಲಿಸಲಾಗಿದೆ.

ಇದರ ಶ್ರೇಯಸ್ಸು ಮೀನು ಶೈತ್ಯ ಪರಿಶೀಲನಾ ಕಚೇರಿಯ ಅಧಿಕಾರಿ ಉಮಾನಾಥರದು. ಪೆಟ್ಟಿಗೆಯೊಳಗೆ ಶಾಖ ಹೇಗೆ ಇಳಿಯುತ್ತದೆಂದು ಚುಕ್ಕಿ ಚುಕ್ಕಿಗೂ ಲೆಕ್ಕ ಹಾಕುತ್ತ ಕೂತರೆ ನಿವೃತ್ತಿಯೇ ಬಂದುಬಿಡುತ್ತದೆ. ಆದ್ದರಿಂದ ಅವರು ತರಬೇತಿಯಲ್ಲಿ ಕಲಿತ ಅಂದಾಜು ಅನುಕಲನ ವಿಧಾನವನ್ನು ಹಿಡಿದರು. ಮುಚ್ಚಳದಿಂದ ತಳದವರೆಗೆ ಉಷ್ಣತೆ ಹೀಗೆ ಇಳಿಯುತ್ತದೆಂದು ಒಂದು ಬಾಗಿದ ಗೆರೆ ಊಹಿಸುವುದು; ಒಂದೊಂದು ಜಾಗದಲ್ಲಿ ಅದು ತಪ್ಪಿದರೂ ಇಡೀ ಪೆಟ್ಟಿಗೆಯ ಒಟ್ಟು ಶಾಖದ ಲೆಕ್ಕ ಕೂಡಿಬಂದರೆ ಸಾಕು. ವಿಧಾನದಲ್ಲಿ ತಪ್ಪೇನಿಲ್ಲ. ಮೀನಿಗೆ ಅದನ್ನು ತಿಳಿಸಿರಲಿಲ್ಲ, ಅಷ್ಟೆ.

ಸುತ್ತೋಲೆ ಹೊರಟಿತು: "ಐಸನ್ನು ಎಲ್ಲಿ ಹಾಕಿದರೂ ಒಟ್ಟು ಒಂದೇ ಆಗುವುದರಿಂದ ತಳಕ್ಕೆ ಮಾತ್ರ ಹಾಕತಕ್ಕದ್ದು. ಒಟ್ಟು ಲೆಕ್ಕ ಕೂಡಿಬಂದ ಪೆಟ್ಟಿಗೆಯ ಪ್ರತಿಯೊಂದು ಮೀನನ್ನೂ ತಾಜಾ ಎಂದು ಪರಿಗಣಿಸತಕ್ಕದ್ದು. ಮೂಗಿನ ಅಭಿಪ್ರಾಯವನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು."

ಮೀನು ಮಾರುವ ಸರಸಕ್ಕ ಇಪ್ಪತ್ತು ವರ್ಷದಿಂದ ಒಂದು ಸಾಲು ಮೀನು, ಒಂದು ಸಾಲು ಐಸು ಹಾಕುತ್ತ ಬಂದವಳು. ಅವಳ ಬಂಗಡೆಯನ್ನು ಯಾರೂ ಮೂಸಿ ನೋಡಿ ಕೊಂಡದ್ದಿಲ್ಲ. ಆ ನಂಬಿಕೆಯೇ ಅವಳ ಬಂಡವಾಳ. ಸುತ್ತೋಲೆಯ ಮೂರನೇ ದಿನ ಅವಳು ಪೆಟ್ಟಿಗೆ ಹೊತ್ತು ಕಚೇರಿಗೇ ಬಂದಳು.

"ಹ್ವಾಯ್ ಸಾಹೇಬ್ರೆ, ಮೇಲಿನ್ ಸಾಲಿನ್ ಬಂಗ್ಡಿ ವಾಸ್ನಿ ಬತ್ತಿತ್ತ್. ನನ್ ಗಿರಾಕಿಗಳಿಗೆ ಎಂತ ಹೇಳೂದು?"

ಉಮಾನಾಥರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಲೆಕ್ಕ ಪರಿಶೀಲಿಸಿದರು. "ತಳದ್ದ್ ಕಲ್ಲಿನ ಹಾಂಗೆ ಗಟ್ಟಿ ಇತ್ತಲ್ದಾ ಸರಸಕ್ಕ? ಅದಕ್ಕೂ ಇದಕ್ಕೂ ಸರಿ ಆಯ್ತ್."

"ಹಾಂಗಾರೆ ಎಲ್ಲ ಮೀನೂ ಒಂದೇಯಾ?"

"ಒಂದೇ. ಬೇಕಾರೆ ಸೀಲ್ ಹಾಕಿ ಕೊಡ್ತೆ."

ಕೊಟ್ಟರು. ಸರಸಕ್ಕ ಆ ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮರುದಿನದಿಂದ ತಳದ ಮೀನು ಗಿರಾಕಿಗಳಿಗೆ, ಮೇಲಿನ ಸಾಲು ಸಾಹೇಬರ ಮನೆಗೆ ಹೋಗತೊಡಗಿತು.

ಅವರ ಹೆಂಡತಿ ಸುಗುಣ ಬಾಗಿಲಲ್ಲೇ ಮೂಗು ಹಿಡಿದಳು. "ಇದ್ ಬ್ಯಾಡ ಮಾರಾಯ್ತಿ."

"ಎಂತಕ್ಕಮ್ಮ? ಎಲ್ಲ ಒಂದೇ ಅಂದ್ ಸಾಹೇಬ್ರೇ ಬರ್ದ್ ಕೊಟ್ಟಿದ್ರ್, ಕಾಣಿ."

ಉಮಾನಾಥರು ತಮ್ಮದೇ ಸೀಲನ್ನು ಎರಡು ಸಲ ನೋಡಿದರು. ಮೀನು ವಾಪಸ್ ಕಳಿಸಿದರೆ ಸುತ್ತೋಲೆಯನ್ನೇ ವಾಪಸ್ ಪಡೆದಂತೆ. ಸಾರು ಮಾಡಿಸಿ ಉಂಡರು.

ಸರಸಕ್ಕನ ಗಿರಾಕಿಗಳಲ್ಲಿ ಒಬ್ಬರೂ ಕೈತಪ್ಪಿ ಹೋಗಲಿಲ್ಲ. ಉಮಾನಾಥರು ಮಾತ್ರ ಆ ತಿಂಗಳು ನಾಲ್ಕು ದಿನ ಕಚೇರಿಗೆ ಬರಲಿಲ್ಲ. ಗುಮಾಸ್ತ ಚಂದಯ್ಯ ಆ ತಿಂಗಳ ನಾಲ್ಕು ಭಾನುವಾರಗಳಿಗೂ ತನ್ನ ಹಾಜರಿ ಬರೆದು, ಕಚೇರಿಯ ಒಟ್ಟು ಹಾಜರಿಯನ್ನು ಕೂಡಿಸಿಕೊಟ್ಟ. ಹಾಜರಿ ಪುಸ್ತಕವನ್ನು ಆಸ್ಪತ್ರೆಯ ಮಂಚಕ್ಕೇ ತಂದಾಗ ಉಮಾನಾಥರು ಡ್ರಿಪ್ಸ್ ಹಾಕಿದ ಕೈಯನ್ನು ಜೋಪಾನವಾಗಿ ಎತ್ತಿ ಲೆಕ್ಕ ನೋಡಿದರು. ಸರಿಯಿತ್ತು. ಸಹಿ ಹಾಕಿದರು.