ಪ್ರಾರ್ಥನೆಗೆ ಎರಡು ನಿಮಿಷ

ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನಲ್ಲಿ ಸಭೆ ನಡೆಸುವ ಮಹನೀಯರು ಸೇರಿಕೊಂಡು, ಹನ್ನೆರಡು ವರ್ಷ ನನ್ನ ತಂಗಿಗೆ ಒಂದೇ ಒಂದು ಹಾಡನ್ನೂ ಪೂರ್ತಿ ಹಾಡಲು ಬಿಡಲಿಲ್ಲ. ಇದು ನನ್ನ ಆರೋಪ. ಒಂದು ಸಲ ನಡೆದಿದ್ದರೆ ಮರೆಯುತ್ತಿದ್ದೆ. ಹೆಸರು ಬದಲಾಯಿತು, ಶಾಮಿಯಾನ ಬದಲಾಯಿತು, ನಡೆದದ್ದು ಮಾತ್ರ ಪ್ರತಿ ಸಲವೂ ಅದೇ. ಹೇಳಿದರೆ ಜನ ನಗುತ್ತಾರೆ. ನಗಿ. ನಾನೂ ನಕ್ಕಿದ್ದೇನೆ.

೧. ಮೊದಲ ವಿಮರ್ಶೆ

ನಮ್ಮೂರು ತಿ. ನರಸೀಪುರದಿಂದ ಹೊಳೆಯ ಆಚೆ ದಡ. ಹರಿಗೋಲಿನವನು ಈಚೆ ದಡದ ಮರದಡಿ ಮಲಗಿರುತ್ತಿದ್ದ. ನಾಲ್ಕು ಗಂಡಸರು ಒಟ್ಟಿಗೆ ಕೂಗಿದರೂ ಏಳುತ್ತಿರಲಿಲ್ಲ. ಹನ್ನೆರಡು ವರ್ಷದ ನನ್ನ ತಂಗಿ ಒಂದು ಸಲ "ಓ..." ಅಂದರೆ ಬೆಚ್ಚಿ ಎದ್ದು ಕೂರುತ್ತಿದ್ದ. ಅದಕ್ಕೇ ಪೇಟೆಗೆ ಹೊರಟವರೆಲ್ಲ ಅವಳನ್ನು ಮುಂದೆ ಬಿಟ್ಟುಕೊಂಡು ಬರುತ್ತಿದ್ದರು.

ಈಚೆ ದಡದಲ್ಲಿ ಆ ಕೂಗನ್ನು ಒಬ್ಬ ಮುದುಕರು ಕೇಳಿಸಿಕೊಂಡರು. ಹಿಂದೆ ಮೈಸೂರಿನ ಬ್ಯಾಂಡೊಂದರಲ್ಲಿ ಇಂಗ್ಲಿಷ್ ಧಾಟಿಯ ಪಿಟೀಲು ನುಡಿಸುತ್ತಿದ್ದವರು. ನಾವೆಲ್ಲ ಬ್ಯಾಂಡ್ ಮೇಷ್ಟ್ರು ಅನ್ನುತ್ತಿದ್ದೆವು. ನಾವು ಇಳಿದ ತಕ್ಷಣ ಓಡಿ ಬಂದು, "ಮಗಾ, ಇನ್ನೊಂದ್ಸಲ ಕೂಗು" ಅಂದರು. ಇವಳು ಕೂಗಿದಳು. ಆಗಷ್ಟೇ ಮಲಗಿದ್ದ ಹರಿಗೋಲಿನವನು ಎದ್ದವನೇ ಹಗ್ಗ ಬಿಚ್ಚಿ, ಹುಟ್ಟು ಹಾಕುತ್ತಾ ಆಚೆ ದಡಕ್ಕೆ ಹೋದ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಅಲ್ಲಿಂದ ಬೈದ ಬೈಗುಳವೇ ನನ್ನ ತಂಗಿಯ ದನಿಗೆ ಸಿಕ್ಕ ಮೊದಲ ವಿಮರ್ಶೆ.

ಮೇಷ್ಟ್ರು ಆರು ವರ್ಷ ಬಿಡದೆ ಕಲಿಸಿದರು. ಇವಳದು ಸೊಪ್ರಾನೊ ಅಂದರು, ಅಂದರೆ ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ಇವಳು ಹಾಡುವುದು ಯೂರೋಪಿನಲ್ಲಿ ಇನ್ನೂರು ಮುನ್ನೂರು ವರ್ಷದ ಹಿಂದೆ ಕಟ್ಟಿದ ಸಂಗೀತ. ಬರೋಕ್ ಅಂತ ಒಂದು ಕಾಲ, ಕ್ಲಾಸಿಕಲ್ ಅಂತ ಅದರ ಮುಂದಿನದು. ಮೈಕು ಹುಟ್ಟದಿದ್ದ ಕಾಲದ ಸಂಗೀತ. ಆಮೇಲೆ ಬೆಂಗಳೂರಿನಲ್ಲಿ ಕಲಿತಳು, ಗೋವಾ, ಚೆನ್ನೈಗಳಲ್ಲಿ ಹಾಡಿದಳು. ಅಲ್ಲೆಲ್ಲ ಜನ ಕೆಮ್ಮು ಬಂದರೂ ತಡೆದುಕೊಂಡು ಕೇಳುತ್ತಿದ್ದರಂತೆ.

ನಮ್ಮವ್ವ ಅದನ್ನು ನೋಡಲಿಲ್ಲ. ಬಸ್ಸು ಹತ್ತಿದರೆ ಅವ್ವನಿಗೆ ವಾಂತಿ. ಜೊತೆಗೆ ಅಕ್ಕಿ ಗಿರಣಿಯ ಸದ್ದಿನಲ್ಲಿ ಇಪ್ಪತ್ತು ವರ್ಷ ದುಡಿದು ಕಿವಿ ಮಂದವಾಗುತ್ತಿತ್ತು. ಇನ್ನು ಕೆಲವೇ ವರ್ಷ ಕೇಳಿಸೀತು ಅಂದಿದ್ದರು ಡಾಕ್ಟರು.

"ಮನೇಲೇ ಹಾಡ್ತಾಳಲ್ಲವ್ವ, ಕೇಳು" ಅಂದೆ.

"ಮನೇಲಿ ಬಡ್ಕಳೋದ ದಿನಾ ಕೇಳ್ತೀನಿ ಕಣ್ಲಾ. ನಾಕು ಜನ ಕುಂತು ಕೇಳೋದ ನೋಡ್ಬೇಕು. ಕಿವಿ ಓಗೋದ್ರೊಳಗೆ."

ಅಷ್ಟೇ ಕೇಳಿದ್ದು ಅವಳು.

೨. ಎಲ್ಲಿಂದ ಬತ್ತದೆ?

ತಾಂಡ್ಯದ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿ ನಾವು ನಂಜನಗೂಡಿಗೆ ಬಂದಿದ್ದೆವು. ಒಂದು ರಾಜ್ಯೋತ್ಸವಕ್ಕೆ ಕಾಡಿ ಬೇಡಿ ತಂಗಿಯ ಹಾಡು ಹಾಕಿಸಿದೆ. ಅವಳು ವೇದಿಕೆ ಹತ್ತಿ, "ನಂಗೆ ಮೈಕ್ ಬೇಡ" ಅಂದಳು.

ಮೈಕ್‌ಸೆಟ್ಟಿನವನಿಗೆ ಮುಖಕ್ಕೆ ಹೊಡೆದಂತಾಯಿತು. "ಏನವ್ವಾ, ನನ್ ಹೊಟ್ಟೆ ಮ್ಯಾಲೆ ಹೊಡೀತೀಯಾ?" ಅಂತ ಸ್ಟ್ಯಾಂಡ್ ಎತ್ತಿಕೊಂಡು ಅವಳ ಬಾಯಿಗೆ ಇಟ್ಟ. ಅವಳು ಎರಡು ಹೆಜ್ಜೆ ಹಿಂದೆ ಹೋದಳು. ಇವನು ಎರಡು ಹೆಜ್ಜೆ ಮುಂದೆ ಬಂದ. ಹೀಗೇ ಇಬ್ಬರೂ ಹಿಂದಿನ ಪರದೆ ಮುಟ್ಟಿದರು. ಅವಳು ಎತ್ತರದ ಸ್ವರ ಹಿಡಿದಳು. ಮರಕ್ಕೆ ಕಟ್ಟಿದ್ದ ಹಾರ್ನು ಕುಯ್ಯೋ ಅಂತು. ಕೂತಿದ್ದವರು ಕಿವಿ ಮುಚ್ಚಿಕೊಂಡರು. ಇವನು ಓಡಿ ಹೋಗಿ ಸ್ವಿಚ್ ಆರಿಸಿದ. ಕುಯ್ಯೋ ನಿಂತಿತು, ದನಿ ನಿಲ್ಲಲಿಲ್ಲ. ವೈರು ಕಿತ್ತ. ನಿಲ್ಲಲಿಲ್ಲ. ಬ್ಯಾಟರಿಯನ್ನೇ ಬಿಚ್ಚಿ ಪಕ್ಕಕ್ಕಿಟ್ಟ. ದನಿ ಬಸ್‌ಸ್ಟ್ಯಾಂಡಿನವರೆಗೂ ಹೋಗುತ್ತಲೇ ಇತ್ತು.

ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದ. "ಅಣ್ಣಾ, ಎಲ್ಲಾ ಕಿತ್ತಾಕಿವ್ನಿ. ಇನ್ನೂ ಎಲ್ಲಿಂದ ಬತ್ತದೆ?"

ಸೆಟ್ಟಿನಲ್ಲಿ ಏನೋ ದೋಷ ಇದೆ, ಅಪಾಯ ಅಂತ ಸಂಘದ ಕಾರ್ಯದರ್ಶಿಗಳು ಹಾಡು ನಿಲ್ಲಿಸಿದರು. ಅವ್ವ ಇಲ್ಲೂ ಗಿರಣಿಗೇ ಸೇರಿದ್ದಳು, ಅವತ್ತು ರಜೆ ಕೊಟ್ಟಿರಲಿಲ್ಲ. ಕೊಡದಿದ್ದದ್ದೇ ಒಳ್ಳೆಯದಾಯಿತು.

೩. ಎಳೀಯವ್ವ

ನಮ್ಮ ಕಡೆ ಹಸು ವಿಮೆಯ ಸಭೆಯಾದರೂ ಮೊದಲು ಪ್ರಾರ್ಥನೆ. ಹಾಡಲು ಬರುವ ಹೆಣ್ಣುಮಗಳಿಗೆ ಅಲ್ಲಿ ಎರಡು ನಿಮಿಷ. ಆಮೇಲೆ ಸ್ವಾಗತ, ದೀಪ, ಹಾರ, ಭಾಷಣ, ಭಾಷಣ, ಭಾಷಣ. ಎಂಟು ವರ್ಷ ನನ್ನ ತಂಗಿಯನ್ನು ಕರೆದದ್ದೆಲ್ಲ ಪ್ರಾರ್ಥನೆಗೇ. ಆಹ್ವಾನ ಪತ್ರಿಕೆಯಲ್ಲಿ ಅವಳ ಹೆಸರೂ ಇರುತ್ತಿರಲಿಲ್ಲ. ಶಾಮಿಯಾನದವನ ಹೆಸರು ಇರುತ್ತಿತ್ತು.

ಒಂದು ಸಲ ತಿ. ನರಸೀಪುರದಲ್ಲಿ ಮುಖ್ಯ ಅತಿಥಿಗಳು ಎರಡು ಗಂಟೆ ತಡ ಅಂತ ಫೋನು ಬಂತು. ಜನ ಎದ್ದು ಹೋಗುತ್ತಾರೆ ಅಂತ ಸಂಘಟಕರಿಗೆ ದಿಗಿಲು. "ಪ್ರಾರ್ಥನೇನೇ ಎಳೀಯವ್ವ, ಎಷ್ಟೊತ್ತಾದ್ರೂ ಎಳಿ!" ಅಂದರು. ತಂಗಿ ನನ್ನ ಮುಖ ನೋಡಿದಳು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡೇ ಬಂದು ಹಿಂದೆ ಸುಧಾರಿಸಿಕೊಳ್ಳುತ್ತಿದ್ದ ಅವ್ವನನ್ನು ನಾನು ಎಳೆದು ತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಕಿವಿ ಆಗಲೇ ಅರ್ಧ ಹೋಗಿತ್ತು. ಒಂದು ಕೈಯನ್ನು ಕಿವಿಗೆ ಮೊರದ ಹಾಗೆ ಹಿಡಿದುಕೊಂಡಳು.

ತಂಗಿ ಹನ್ನೆರಡು ನಿಮಿಷದ ಹಾಡು ತೆಗೆದಳು. ಅದು ನಿಧಾನಕ್ಕೆ ಏರುವ ಹಾಡು. ಅವ್ವನ ಮುಖ ಅರಳುತ್ತಿತ್ತು. ಎರಡನೇ ನಿಮಿಷಕ್ಕೆ ಜೀಪಿನ ಸದ್ದು. ಹತ್ತು ವರ್ಷದ ರಾಜಕೀಯದಲ್ಲಿ ಒಂದು ಸಭೆಗೂ ಹೊತ್ತಿಗೆ ಸರಿಯಾಗಿ ಬಾರದ ಮಹಾನುಭಾವರು ಅವತ್ತು ಬಂದರು.

"ಸಾಕು, ಸಾಕು, ಇಳೀರಿ!"

ಅವ್ವ ಕೈ ಇಳಿಸಲಿಲ್ಲ. ಭಾಷಣದ ಉದ್ದಕ್ಕೂ ಹಾಗೇ ಹಿಡಿದುಕೊಂಡಿದ್ದಳು. ಅತಿಥಿಗಳಿಗೆ ಬಹಳ ಸಂತೋಷವಾಯಿತು. ತಮ್ಮ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿದವರು ಆ ತಾಯಿ ಒಬ್ಬರೇ ಅಂತ ಮೈಕಿನಲ್ಲೇ ಹೇಳಿದರು.

೪. ಮುಂದಿನ ಸಾಲಿನವರು

ಒಂದೇ ಒಂದು ಸಲ ಪೂರ್ತಿ ಹಾಡಿದಳು. ಅದನ್ನೂ ಹೇಳಬೇಕು, ಅದು ಸಭೆಯಲ್ಲ.

ಹೆಮ್ಮರಗಾಲದ ದಾರಿಯ ಒಂದೂರಿನಲ್ಲಿ ದೊಡ್ಡ ಜಮೀನಿನ ಯಜಮಾನರು ತೀರಿಕೊಂಡರು. ಭಜನೆಯವರು ಬೇರೊಂದು ಸಾವಿಗೆ ಹೋಗಿದ್ದರು. ಮಗ ಬೈಕಿನಲ್ಲಿ ನಮ್ಮ ಮನೆಗೆ ಬಂದ. "ನಿಮ್ ತಂಗಿ ಅಳೋ ಅಂಗೆ ಹಾಡ್ತಾರಂತಲ್ಲ, ಕಳಿಸ್ಕೊಡಿ" ಅಂದ. ಅಂಥ ಮನೆಗಳ ಜಗಲಿಯ ಮೇಲೆ ನಮ್ಮಪ್ಪನನ್ನು ಒಂದು ದಿನವೂ ಕೂರಲು ಬಿಟ್ಟವರಲ್ಲ. ನಾನು ಬೇಡ ಅಂದೆ. ತಂಗಿ, "ಕೇಳ್ತೀವಿ ಅಂತ ಮನೆ ಬಾಗ್ಲಿಗೆ ಬಂದೋರು ಇವರೇ ಮೊದಲು ಕಣಣ್ಣ" ಅಂತ ಚಪ್ಪಲಿ ಮೆಟ್ಟಿದಳು.

ಅವರ ಪದ್ಧತಿಯಂತೆ ಹೆಣವನ್ನು ಮೀಯಿಸಿ, ವಿಭೂತಿ ಹಚ್ಚಿ, ಚಪ್ಪರದ ಕೆಳಗೆ ಕೂರಿಸಿದ್ದರು. ತಂಗಿ ಅದರ ಎದುರೇ ನಿಂತು ಮುನ್ನೂರು ವರ್ಷದ ಹಿಂದಿನ ಒಂದು ಶೋಕಗೀತೆ ಹಾಡಿದಳು. ಮಾತು ಒಬ್ಬರಿಗೂ ತಿಳಿಯಲಿಲ್ಲ. ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಸುಮ್ಮನಾದರು. ಮುಗಿದ ಮೇಲೆ ಒಬ್ಬ ಮುದುಕಿ, "ಇನ್ನೊಂದ ಹಾಡವ್ವ, ಮಣ್ಣಿಗೆ ಇನ್ನೂ ಹೊತ್ತದೆ" ಅಂದಳು.

ಎರಡು ತಾಲ್ಲೂಕಿನಲ್ಲಿ ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತು, ಪಕ್ಕದವರ ಜೊತೆ ಮಾತಾಡದೆ, ಮುಗಿಯುವ ತನಕ ಏಳದೆ ಅವಳ ಹಾಡು ಕೇಳಿದ ಗಣ್ಯರು ಆ ಯಜಮಾನರೊಬ್ಬರೇ. ಸತ್ತಿದ್ದರು.

೫. ಸನ್ಮಾನ

ಆಮೇಲೆ ತಂಗಿ ಜರ್ಮನಿಗೆ ಹೋಗಿ ಹಾಡಿ ಬಂದಳು. ಪೇಪರಿನಲ್ಲಿ ಫೋಟೊ ಬಂತು. ಅದೇ ಮಹನೀಯರು ಮನೆಗೆ ಬಂದರು. "ನಮ್ಮೂರ ಮಗಳು ಕಣ್ರೀ!" ಸನ್ಮಾನವಂತೆ. "ಹಾಡು ಇದ್ದರೆ ಮಾತ್ರ" ಅಂದೆ. ಆಹ್ವಾನ ಪತ್ರಿಕೆಯಲ್ಲಿ ಕೊನೆಗೆ "ಗಾಯನ" ಅಂತ ಅಚ್ಚು ಹಾಕಿಸಿ ತಂದು ತೋರಿಸಿದರು.

ಅವ್ವನ ಕಿವಿ ಆ ಹೊತ್ತಿಗೆ ಪೂರ್ತಿ ಹೋಗಿತ್ತು. ಆದರೂ ಹೊಸ ಸೀರೆ ಉಟ್ಟಳು. ನಾಕು ಜನ ಕುಂತು ಕೇಳೋದನ್ನು ನೋಡಬಹುದಲ್ಲ.

ಒಂಬತ್ತು ಜನ ಮಾತಾಡಿದರು. ಒಬ್ಬರು, "ಇವರ ಹಾಡನ್ನು ನಾನು ಕೇಳಿಲ್ಲ, ಆದರೆ ಕೇಳಿದಷ್ಟೇ ಆನಂದವಾಗಿದೆ" ಅಂದರು. ಶಾಲು, ಪೇಟ, ಒಂದು ಗೊನೆ ರಸಬಾಳೆ. ಅಷ್ಟರಲ್ಲಿ ಹೂವಿನ ಬುಟ್ಟಿ ಹೊತ್ತವರು ಒಳಗೆ ನುಗ್ಗಿದರು. ಸಂಜೆ ಅದೇ ಕಲ್ಯಾಣ ಮಂಟಪದ ಹಾಲಿನಲ್ಲಿ ಯಾರದೋ ಆರತಕ್ಷತೆ.

"ಟೈಮಿಲ್ಲ ಕಣ್ರೀ" ಅಂದರು ಅಧ್ಯಕ್ಷರು. "ಸೀದಾ ರಾಷ್ಟ್ರಗೀತೆ ಹೇಳ್ಸಿಬಿಡಿ."

ತಂಗಿ ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಮುಂದೆ ಬಂದು ನಿಂತು ಅದನ್ನೇ ಹಾಡಿದಳು. ನಾವೆಲ್ಲ ಎದ್ದು ನಿಂತೆವು. ಹೂವಿನವರೂ ಬುಟ್ಟಿ ಇಳಿಸಿ ನಿಂತರು. ಕೆಮ್ಮಿಲ್ಲ, ಮಾತಿಲ್ಲ.

ಅವ್ವ ಒಬ್ಬಳೇ ಕೂತಿದ್ದಳು. ಮಗಳ ಬಾಯಿ ಆಡುವುದನ್ನು ನೋಡಿದಳು. ಹಿಂದೆ ತಿರುಗಿ, ಹಾಲು ತುಂಬ ನಿಂತ ಜನರನ್ನು ನೋಡಿದಳು. ಜೋರಾಗಿ ಚಪ್ಪಾಳೆ ತಟ್ಟತೊಡಗಿದಳು. ಪಕ್ಕದವರು, "ಏಳಮ್ಮ, ಎದ್ನಿಂತ್ಕೊ" ಅಂತ ಸನ್ನೆ ಮಾಡಿದರು. ಕಿವುಡರು ಮಾತಾಡುವುದು ಗಟ್ಟಿಯಾಗಿ. ಅವ್ವ ಹಾಲಿಗೆಲ್ಲ ಕೇಳುವ ಹಾಗೆ ಅಂದಳು:

"ನನ್ ಮಗಳು ಕಣ್ರೀ! ನೋಡಿ, ಒಬ್ರೂ ಕುಂತಿಲ್ಲ! ಎಲ್ರೂ ಎದ್ನಿಂತು ಕೇಳ್ತಾವ್ರೆ!"

ಹಾಲೆಲ್ಲ ನಕ್ಕಿತು. ಅವ್ವನೂ ನಕ್ಕಳು. ಅದು ಯಾವ ಹಾಡು ಅಂತ ನಾವು ಅವಳಿಗೆ ಇವತ್ತಿಗೂ ಹೇಳಿಲ್ಲ.

ಈಗ ನೀವು ಮಾಡಬೇಕಾದ ಕೆಲಸ ಕೇಳಿ. ಇನ್ನೊಂದು ಸಭೆಗೆ ಹೋಗುತ್ತೀರಿ, ಹೋಗದೆ ಇರುವವರಲ್ಲ ನೀವು. ಅಲ್ಲಿ ಒಂದು ಮೂಲೆಯಲ್ಲಿ ಹಾಡಲು ಬಂದ ಹೆಣ್ಣುಮಗಳು ಒಬ್ಬಳು ಕಾಯುತ್ತಾ ನಿಂತಿರುತ್ತಾಳೆ. ಮೊದಲನೇ ಭಾಷಣಕ್ಕೆ ಯಾರಾದರೂ ಮೈಕಿನ ಮುಂದೆ ಬಂದ ಕೂಡಲೇ ನಿಮ್ಮ ಕುರ್ಚಿಯಿಂದ ಏಳಿ. ಗಟ್ಟಿಯಾಗಿ ಹೇಳಿ: "ಮೊದ್ಲು ಆ ಮಗಳ ಹಾಡು ಪೂರ್ತಿ ಆಗ್ಲಿ ಸಾ. ಆಮೇಲೆ ನೀವು." ಅವರು ಕೂರುವ ತನಕ ನೀವು ಕೂರಬೇಡಿ.